ನುಸಿ ಬಂದ ವರ್ಷ, ಮಾವನವರ ಜೀಪು

ಹಸಿ ಸುಣ್ಣದ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ತುರುವೇಕೆರೆಯಲ್ಲಿ ಮದುವೆ ಊಟ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಾಗ ರಸ್ತೆ ಬದಿಯ ತೋಟವೊಂದರಲ್ಲಿ ಯಾರೋ ತೆಂಗಿನ ಮರಗಳ ಬೊಡ್ಡೆಗೆ ಸುಣ್ಣ ಬಳಿಯುತ್ತಿದ್ದರು. ಕಿಟಕಿಯಿಂದ ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. "ಏನಾಯ್ತಮ್ಮ?" ಎಂದಳು. "ನಿಮ್ಮ ತಾತನ ಜೀಪು" ಎಂದೆ. ಅವಳು ಕಿಸಕ್ಕನೆ ನಕ್ಕಳು. ನಗಲಿ, ಆಗ ಅವಳು ಮೂರನೇ ಕ್ಲಾಸಿನಲ್ಲಿದ್ದಳು, ಅವಳಿಗೆ ಅದೊಂದು ತಮಾಷೆಯ ಕಥೆ.

ಆ ವರ್ಷ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮೂರಿನಲ್ಲಿ ಇವತ್ತಿಗೂ ಎರಡು ಪಕ್ಷವಿದೆ. ಹಬ್ಬ ಹರಿದಿನಕ್ಕೆ ಹೋದರೆ ಯಾರಾದರೂ ಒಬ್ಬರು ಕೆಣಕಿಯೇ ಕೆಣಕುತ್ತಾರೆ. ಕೆಣಕಿದವರಿಗೆ ನಾನು ಪೂರ್ತಿ ಕಥೆ ಹೇಳಿಯೇ ಬಿಡುತ್ತೇನೆ. ಇಲ್ಲೂ ಹೇಳುತ್ತೇನೆ.

ನಮ್ಮೂರು ಹೊನ್ನವಳ್ಳಿಯಿಂದ ಎರಡು ಮೈಲಿ ಒಳಕ್ಕಿದೆ. ನಾನು ಆ ಊರಿನ ಸೊಸೆ, ಅಲ್ಲಿಯದೇ ಪ್ರೈಮರಿ ಶಾಲೆಯ ಟೀಚರು. ನಮ್ಮನೆಯವರಿಗೆ ತಿಪಟೂರಿನಲ್ಲಿ ಆಫೀಸು ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುತ್ತಿದ್ದರು. ಅತ್ತೆ ತೀರಿಹೋಗಿದ್ದರು. ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ಮಾವನವರು. ಊರಿಗೆಲ್ಲ ಅವರು ಯಜಮಾನ್ರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ಹೊತ್ತಿಗೆ ಅವರಿಗೆ ಎಪ್ಪತ್ತಾರು ವರ್ಷ. ಅವರಲ್ಲೊಂದು ಹಸಿರು ಬಣ್ಣದ ಜೀಪಿತ್ತು. ಮನೆಯಿಂದ ತೋಟಕ್ಕೆ ಒಂದು ಮೈಲಿ ಮಣ್ಣುರಸ್ತೆ, ಎರಡೂ ಬದಿಗೆ ನಮ್ಮವೇ ತೆಂಗಿನ ಮರಗಳು, ನಡುವೆ ನನ್ನ ಶಾಲೆ. ಶಾಲೆ ದಾಟಿದ ಮೇಲೆ ಒಂದು ಹೊಂಗೆ ಮರದ ಹತ್ತಿರ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಶಿವಣ್ಣನ ತೋಟ.

ಆ ಜೀಪಿನ ಋಣ ಊರಿನಲ್ಲಿ ಯಾರ ಮೇಲೆ ಇರಲಿಲ್ಲ? ನನ್ನ ಮೇಲೂ ಇತ್ತು. ಮಗಳು ಹುಟ್ಟುವ ದಿನ ನಡು ಮಧ್ಯಾಹ್ನ ಮಳೆ ಹುಯ್ಯುತ್ತಿತ್ತು, ಹಳ್ಳ ತುಂಬಿ ಬಸ್ಸು ನಿಂತಿತ್ತು. ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿ ಮಾವನವರು ಹಳ್ಳಕ್ಕೇ ಜೀಪು ಇಳಿಸಿ ತಿಪಟೂರಿನ ಆಸ್ಪತ್ರೆ ಮುಟ್ಟಿಸಿದ್ದರು. ಹಾಗೆ ಹೊತ್ತು ಮೀರದಂತೆ ತಲುಪಿ ಉಳಿದುಕೊಂಡವರು ಊರಿನಲ್ಲಿ ಮನೆಗೊಬ್ಬರಿದ್ದರು. ಇದನ್ನು ನಾನು ಮರೆತು ಮಾತಾಡುತ್ತಿಲ್ಲ.

ಆದರೆ ಲೈಸೆನ್ಸ್ ಮುಗಿದು ಮೂರು ವರ್ಷವಾಗಿತ್ತು. ಮತ್ತೆ ಮಾಡಿಸಲು ಡಾಕ್ಟರ ಸರ್ಟಿಫಿಕೇಟು ಬೇಕೆಂದು ತಿಪಟೂರಿಗೆ ಹೋಗಿದ್ದೆವು, ನಾನೂ ಜೊತೆಗಿದ್ದೆ. ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ನರವೇ ಸೋತಿದೆ, ಆಪರೇಷನ್ನಿಗೂ ಬಗ್ಗುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಮಾವನವರು ತಲೆಯಾಡಿಸಿ, ಕೈಮುಗಿದು, ಹೊರಗೆ ಬಂದು, ಜೀಪು ಹತ್ತಿ ಸ್ಟಾರ್ಟ್ ಮಾಡಿದರು.

"ಮಾವ, ಡಾಕ್ಟ್ರು ಬೇಡ ಅಂದ್ರಲ್ಲ" ಎಂದೆ.

"ಡಾಕ್ಟ್ರಿಗೆ ಜೀಪು ಓಡ್ಸಕ್ಕೆ ಬತ್ತದಾ?"

"ಗೊತ್ತಿಲ್ಲ. ಬರಲ್ಲ ಅನ್ಸುತ್ತೆ."

"ಮತ್ತೆ? ಬರ್ದೇ ಇರೋರ ಮಾತು ನಾನ್ಯಾಕ್ ಕೇಳ್ಲಿ?"

ಊರು ಮುಟ್ಟುವವರೆಗೆ ನಾನು ಸೀಟಿನ ಕಂಬಿ ಬಿಡಲಿಲ್ಲ. ಅಲ್ಲಿಂದ ಮುಂದೆ ಅವರು ಟಾರು ರಸ್ತೆಗೆ ಹೋಗುವುದನ್ನು ಬಿಟ್ಟರು, ಓಡಿಸುವುದನ್ನು ಬಿಡಲಿಲ್ಲ. "ಲೈಸೆನ್ಸ್ ಕೇಳೋರು ಟಾರ್ ರೋಡಲ್ಲಿ ಅವ್ರೆ ಕಣಮ್ಮ. ಈ ರಸ್ತೆಗೆ ಜಾಗ ಬುಟ್ಟಿದ್ದು ನಮ್ಮಪ್ಪ. ನಮ್ಮನೆ ಅಂಗಳ್ದಾಗೆ ಓಡಾಡಕ್ಕೆ ಯಾವನ ಚೀಟಿ ಬೇಕು?" ಎನ್ನುತ್ತಿದ್ದರು.

ಊರಿನವರು ಇದಕ್ಕೆ ಹೇಗೆ ಹೊಂದಿಕೊಂಡಿದ್ದರು ಎಂದರೆ, ಈಗ ನೆನೆದರೂ ಮೈ ಉರಿಯುತ್ತದೆ. ಗೇಟಿನ ಹತ್ತಿರ ಮಾವನವರು ಮೂರು ಸಲ ಹಾರನ್ ಹೊಡೆಯುತ್ತಿದ್ದರು. ಅದು ಕೇಳಿದ್ದೇ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಜಗಲಿ ಹತ್ತುತ್ತಿದ್ದರು, ಒಬ್ಬರು ಕರು ಹಿಡಿದುಕೊಳ್ಳುತ್ತಿದ್ದರು, ಸೈಕಲ್ಲಿನವರು ಬೇಲಿ ಪಕ್ಕ ಇಳಿದು ನಿಲ್ಲುತ್ತಿದ್ದರು. ಜೀಪು ಹೋದ ಮೇಲೆ ಮತ್ತೆ ಎಲ್ಲ ಮೊದಲಿನಂತೆ. ಯಾರೂ ಒಂದು ಮಾತು ಆಡುತ್ತಿರಲಿಲ್ಲ. ನನ್ನ ಶಾಲೆಯ ಮಕ್ಕಳಂತೂ ಪಾಠದ ಮಧ್ಯೆ ಹಾರನ್ ಕೇಳಿದರೆ ಕೂತಲ್ಲೇ ಕಾಲು ಮಡಚಿಕೊಳ್ಳುತ್ತಿದ್ದವು. ನಾಲ್ಕು ಗೋಡೆಯ ಒಳಗೆ! ಮುದುಕರಿಗೆ ಮರ್ಯಾದೆ ಕೊಡುವುದೆಂದರೆ ಇದೇ ಏನು?

ನಾನು ಸುಮ್ಮನೆ ಕೂತಿರಲಿಲ್ಲ. ಬೀಗದ ಕೈಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಅವರು ಎರಡು ವೈರು ಎಳೆದು ಜೋಡಿಸಿ ಸ್ಟಾರ್ಟ್ ಮಾಡಿಕೊಂಡರು, ನಾನೇ ಸೋತು ಬೀಗದ ಕೈ ವಾಪಸ್ ಕೊಟ್ಟೆ. ನಮ್ಮನೆಯವರಿಗೆ ಹೇಳಿದೆ. "ಅಪ್ಪಂಗೆ ಹೇಳೋರು ಯಾರೇ?" ಎಂದು ಅವರು ಪೇಪರು ಬಿಡಿಸಿದರು. ಕೊನೆಗೆ ತಿಪಟೂರಿಗೆ ಹೋಗಿ, ಮೂವತ್ತು ವರ್ಷದಿಂದ ಆ ಜೀಪನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬಾಷಾ ಸಾಬರನ್ನು ಕಂಡೆ. ಯಾವುದಾದರೂ ಒಂದು ಪಾರ್ಟು ಬಿಚ್ಚಿಟ್ಟುಕೊಂಡು ಸಿಗುವುದಿಲ್ಲ ಎಂದುಬಿಡಿ ಎಂದು ಕೇಳಿಕೊಂಡೆ. ಅವರು ಕೈ ಒರೆಸಿಕೊಂಡರು.

"ಇಲ್ಲಮ್ಮಾ. ನಾನು ಗಾಡಿ ರಿಪೇರಿ ಮಾಡೋನು. ಕೆಡ್ಸೋದು ನನ್ನ ಕೈಲಿ ಆಗಲ್ಲ. ಯಜಮಾನ್ರು ನನ್ನ ನಂಬಿದಾರೆ" ಎಂದರು.

ಅವರ ಮಾತಿಗೆ ಸಿಟ್ಟೂ ಬಂತು, ಗೌರವವೂ ಬಂತು. ಸಿಟ್ಟೇ ಸ್ವಲ್ಪ ಹೆಚ್ಚು.

ಅದೇ ವರ್ಷ ತೆಂಗಿಗೆ ನುಸಿ ಬಂತು. ಕಾಯಿಗಳ ಮೇಲೆ ಕಂದು ಪಟ್ಟೆ, ಒರಟು ಬಿರುಕು, ಒಳಗೆ ತಿರುಳಿಲ್ಲ. ಎಳೆಗಾಯಿಗಳು ಪಟಪಟ ಉದುರಿ ಬೀಳುತ್ತಿದ್ದವು. ಹೊನ್ನವಳ್ಳಿ, ತಿಪಟೂರು, ಚಿಕ್ಕನಾಯಕನಹಳ್ಳಿ, ಎಲ್ಲಿ ಹೋದರೂ ಇದೇ ಮಾತು. ಬೇರಿಗೆ ಔಷಧಿ ಪೊಟ್ಟಣ ಕಟ್ಟಿದರು, ಬೇವಿನೆಣ್ಣೆ ಸಿಂಪಡಿಸಿದರು, ಹರಕೆ ಹೊತ್ತರು. ಯಾರು ಏನು ಹೇಳಿದರೂ ಮಾಡಿ ನೋಡುವ ಕಾಲ ಅದು. ಅಂಥ ಹೊತ್ತಿನಲ್ಲಿ ಮಾವನವರು ಒಂದು ಬೆಳಿಗ್ಗೆ ಆಳು ಕರೆಸಿ, ರಸ್ತೆಯ ಎರಡೂ ಬದಿಯ ಮರಗಳಿಗೆ ಸೊಂಟದೆತ್ತರಕ್ಕೆ ಸುಣ್ಣ ಬಳಿಸಿದರು. ಏನು ಯಜಮಾನ್ರೇ ಎಂದು ಕೇಳಿದವರಿಗೆ "ನುಸಿಗೆ" ಎಂದರು, ಅಷ್ಟೆ.

ಸಾಕಾಯಿತಲ್ಲ! ಯಜಮಾನ್ರ ತೋಟವೆಂದರೆ ಊರಿನಲ್ಲೇ ಚೆಂದದ ತೋಟ. ಅವರು ಗೊಬ್ಬರ ಹಾಕಿದ ವಾರ ಊರೆಲ್ಲ ಗೊಬ್ಬರ ಹಾಕುತ್ತಿತ್ತು. ಈಗ ಒಬ್ಬೊಬ್ಬರಾಗಿ ಸುಣ್ಣ ನೆನೆಹಾಕಿದರು. ಹೊನ್ನವಳ್ಳಿಯ ಅಂಗಡಿಯಲ್ಲಿ ಸುಣ್ಣ ಖಾಲಿಯಾಗಿ ಕಿಬ್ಬನಹಳ್ಳಿಯಿಂದ ತಂದವರೂ ಇದ್ದರು. ಕೆಲವೇ ದಿನದಲ್ಲಿ ನಮ್ಮೂರ ಸುತ್ತಿನ ಮರಗಳೆಲ್ಲ ಪಂಚೆ ಉಟ್ಟು ನಿಂತ ಹಾಗೆ ಕಾಣತೊಡಗಿದವು.

ನನಗೆ ಅನುಮಾನ ಹುಟ್ಟಿದ್ದು ಮಳೆಯಿಂದ. ಜೋರು ಮಳೆ ಬಂದು ಸುಣ್ಣ ತೊಳೆದುಹೋದ ಮಾರನೆಯ ದಿನ ಮಾವನವರು ಜೀಪು ತೆಗೆಯುತ್ತಿರಲಿಲ್ಲ. ಸೊಂಟ ನೋವು ಎನ್ನುತ್ತಿದ್ದರು. ಆಳು ಬಂದು ಮತ್ತೆ ಸುಣ್ಣ ಬಳಿದ ಮೇಲೆ ಸೊಂಟ ಸರಿಹೋಗುತ್ತಿತ್ತು. ಎರಡು ಸಲ ಹೀಗಾಯಿತು. ಮೂರನೆಯ ಸಲ ನಾನು ಶಾಲೆಯಿಂದ ಬರುವಾಗ ಒಂದು ಮರದ ಹಿಂದೆ ಹೋಗಿ ನೋಡಿದೆ. ಸುಣ್ಣ ಇದ್ದದ್ದು ರಸ್ತೆಯ ಕಡೆಗೆ ಮಾತ್ರ. ತೋಟದ ಕಡೆಯ ಮೈಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಸಂಜೆ ಕಾಫಿ ಕೊಡುತ್ತಾ ಕೇಳಿದೆ. "ಮಾವ, ನುಸಿ ಬರೋದು ಕಾಯಿಗೆ. ನೀವು ಸುಣ್ಣ ಬಳಿಸ್ತಿರೋದು ಬೊಡ್ಡೆಗೆ. ಅದೂ ರಸ್ತೆ ಕಡೆ ಮಾತ್ರ."

ಅವರು ಲೋಟ ಕೆಳಗಿಟ್ಟರು. ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ, ಹೇಳಲಿಲ್ಲ. "ಟೀಚರಲ್ವಾ, ಕಂಡುಹಿಡ್ದೆ. ಬಿಳೀದು ಒಂದು ಕಾಣ್ತದೆ ಕಣಮ್ಮ. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು. ಮಧ್ಯಕ್ಕೆ ಹೋಯ್ತಾ ಇರದು. ಇನ್ನೇನ್ ಬೇಕು?"

"ಮಧ್ಯದಲ್ಲಿ ಜನ ಇದ್ರೆ?"

"ಹಾರನ್ ಐತಲ್ಲ."

ಇಷ್ಟು ಹೇಳಿ, ಇದನ್ನು ಯಾರಿಗೂ ಹೇಳಬೇಡ ಎಂದರು. ಅವರು ಹಾಗೆ ಕೇಳಿಕೊಂಡದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಮಾರನೆಯ ದಿನ ಪ್ರಾರ್ಥನೆಗೆ ಮಕ್ಕಳು ಬಿಳಿ ಅಂಗಿ ಹಾಕಿಕೊಂಡು ಸಾಲಾಗಿ ನಿಂತಾಗ ನನ್ನ ಬಾಯಿಂದ ಹಾಡು ಹೊರಡಲಿಲ್ಲ. ಈ ಮಕ್ಕಳು ರಸ್ತೆ ಬದಿಯಲ್ಲಿ ಹೀಗೇ ಸಾಲಾಗಿ ನಡೆದುಹೋದರೆ ಜೀಪಿನಲ್ಲಿ ಕೂತವರಿಗೆ ಇವು ಮರಗಳು. ಅದು ಗೊತ್ತಿದ್ದೂ ನಾನು ಹನ್ನೆರಡು ದಿನ ಸುಮ್ಮನಿದ್ದೆ. ಮುದುಕರು ಬಾಯಿಬಿಟ್ಟು ಕೇಳಿದರಲ್ಲ ಎಂದು. ಇಡೀ ಕಥೆಯಲ್ಲಿ ನನ್ನ ತಪ್ಪೆಂದು ಒಪ್ಪಿಕೊಳ್ಳುವುದಿದ್ದರೆ ಆ ಹನ್ನೆರಡು ದಿನ ಮಾತ್ರ.

ಹದಿಮೂರನೆಯ ದಿನ ಶನಿವಾರ. ಶಾಲೆ ಅರ್ಧ ದಿನಕ್ಕೆ ಬಿಟ್ಟು ನಾನು ಬಾಗಿಲು ಹಾಕುತ್ತಿದ್ದೆ. ಜೀಪು ಶಾಲೆ ದಾಟಿ ಹೋಯಿತು, ನಿಧಾನವಾಗಿಯೇ. ಹೊಂಗೆ ಮರದ ಹತ್ತಿರ ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಬೇಲಿ ಮುರಿದುಕೊಂಡು ಸೀದಾ ಶಿವಣ್ಣನ ತೋಟಕ್ಕೆ ನುಗ್ಗಿತು. ಅಲ್ಲಿಯವರೆಗೆ ಬಳಿಸದೆ ಉಳಿದಿದ್ದ ಶಿವಣ್ಣ ಮೂರು ದಿನದ ಹಿಂದಷ್ಟೇ, ಯಜಮಾನ್ರೇ ಬಳಿಸಿದ್ದಾರೆ ಎಂದು, ತನ್ನ ಮರಗಳಿಗೆ ಸುಣ್ಣ ಹೊಡೆಸಿದ್ದ. ನಮ್ಮ ಎರಡು ಬಿಳಿ ಸಾಲು ಮುಗಿದಲ್ಲಿಂದ ಅವನ ಎರಡು ಬಿಳಿ ಸಾಲು ನೇರಕ್ಕೆ ಶುರುವಾಗಿದ್ದವು. ಮಾವನವರು ಆ ಸಾಲಿನ ಮಧ್ಯಕ್ಕೆ ಹೋಗಿದ್ದರು, ಹಾರನ್ ಹೊಡೆಯುತ್ತಲೇ ಹೋಗಿದ್ದರು.

ಆ ಸಾಲಿನ ಮಧ್ಯೆ, ಶಿವಣ್ಣನ ತೋಟಕ್ಕೆ ಕೂಲಿಗೆ ಬರುತ್ತಿದ್ದ ನಿಂಗಮ್ಮ ಕೂತು ತೆಂಗಿನಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು.

ನಾನು ಓಡಿಹೋದಾಗ ಜೀಪು ಗರಿಯ ರಾಶಿಗೆ ಮೂತಿ ಹಾಕಿ ನಿಂತಿತ್ತು. ನಿಂಗಮ್ಮನ ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟಗಾಗಿತ್ತು. "ಹಾರನ್ ಕೇಳ್ತು ಟೀಚರಮ್ಮ, ತೋಟದಾಗೆ ಕುಂತಿವ್ನಲ್ಲ, ನಂಗ್ಯಾಕೆ ಅಂತ ಏಳ್ಲಿಲ್ಲ" ಎಂದು ಅಳುತ್ತಿದ್ದಳು. ಮಾವನವರು ಸ್ಟೇರಿಂಗ್ ಹಿಡಿದುಕೊಂಡೇ "ಏನಾಯ್ತು? ಏನಾಯ್ತ್ರೋ?" ಎಂದು ಕೇಳುತ್ತಿದ್ದರು. ಅವಳು ಎರಡು ಮಾರು ದೂರದಲ್ಲಿದ್ದಳು.

ಯಾರದೋ ಟೆಂಪೋದಲ್ಲಿ ನಿಂಗಮ್ಮನನ್ನು ತಿಪಟೂರಿಗೆ ಸಾಗಿಸಿದೆವು. ಕಾಲು ಉಳಿಯಿತು, ಕುಂಟು ಉಳಿಯಿತು. ಮಾರನೆಯ ದಿನ ನಮ್ಮ ಜಗಲಿಯ ಮೇಲೆ ಊರಿನ ಹಿರಿಯರು ಸೇರಿ, ಎಲೆಯಡಿಕೆ ಹಾಕಿಕೊಂಡು, ಬ್ರೇಕ್ ಫೇಲ್ ಆಗಿದೆ ಎಂದು ತೀರ್ಮಾನ ಮಾಡಿದರು. "ಆ ಸಾಬಿ ಸರಿಯಾಗ್ ನೋಡಿಲ್ಲ ಕಣ್ಲಾ" ಎಂದ ಒಬ್ಬ. ಉಳಿದವರು ಹೌದೌದು ಎಂದರು. ಮಾವನವರು ಗೋಡೆಗೆ ಒರಗಿ ಕೂತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಕಣ್ಣು ಹೋಗಿದ್ದಕ್ಕೆ ನನಗೆ ಅವರ ಮೇಲೆ ಕೋಪವಿರಲಿಲ್ಲ. ಮೂವತ್ತು ವರ್ಷ ನಂಬಿದ ಮನುಷ್ಯನ ತಲೆಗೆ ತಪ್ಪು ಕಟ್ಟುವಾಗ ಸುಮ್ಮನೆ ಕೂತರಲ್ಲ, ಅದಕ್ಕೆ ಕೋಪ ಬಂತು. ಆ ಕೋಪ ಇನ್ನೂ ಇದೆ.

ನಿಂಗಮ್ಮನನ್ನು ನೋಡಲು ಹೋದರೆ ಅವಳದೂ ಅದೇ ರಾಗ. "ಯಜಮಾನ್ರೇನ್ ಬೇಕೂಂತ ಮಾಡವ್ರಾ, ಬುಡಿ. ನನ್ನ ಎರಡ್ನೇ ಮಗ ಹುಟ್ಟಿದ್ದೇ ಆ ಜೀಪ್ನಾಗೆ. ನಂದೇ ತಪ್ಪು, ದಾರೀಲಿ ಕುಂತಿದ್ದೆ."

"ಯಾವ ದಾರಿ ನಿಂಗಮ್ಮ? ನೀನು ತೋಟದ ಮಧ್ಯ ಕೂತಿದ್ದೆ!" ಎಂದು ನಾನು ಕೂಗಿದೆ. ಮಲಗಿದವಳ ಮೇಲೆ ಕೂಗಿದ್ದಕ್ಕೆ ನಾಚಿಕೆಯಾಯಿತು.

ಬಾಷಾ ಸಾಬರು ಬಂದರು. ಅವರನ್ನು ಯಾರೂ ಕೂರಿ ಎನ್ನಲಿಲ್ಲ. ಬ್ರೇಕು ಒತ್ತಿ ನೋಡಿದರು, ಬಗ್ಗಿ ನೋಡಿದರು, ಆಮೇಲೆ ಒಬ್ಬರೇ ಶಿವಣ್ಣನ ತೋಟಕ್ಕೆ ನಡೆದುಹೋಗಿ ನೆಲ ನೋಡಿಕೊಂಡು ಬಂದರು. ನಾನು ಹಿತ್ತಲಿನಲ್ಲಿ ನೀರು ಕೊಟ್ಟಾಗ ತಗ್ಗಿದ ದನಿಯಲ್ಲಿ ಹೇಳಿದರು. "ಬ್ರೇಕ್ ಚೆನ್ನಾಗೇ ಇದೆ ಅಮ್ಮಾ. ಹಾಕಿದ್ರೆ ಮಣ್ಣು ಉಜ್ಜಿರೋ ಗುರುತು ಇರ್ಬೇಕಿತ್ತು. ಚಕ್ರ ಸೀದಾ ಹೋಗಿದೆ. ಯಜಮಾನ್ರು ಬ್ರೇಕ್ ಒತ್ತೇ ಇಲ್ಲ."

"ಇದನ್ನ ಎಲ್ಲರ ಮುಂದೆ ಹೇಳಿ."

"ನಾನ್ ಹೇಳಿದ್ರೆ ತಪ್ಪು ಮುಚ್ಕೊಳಕ್ಕೆ ಹೇಳ್ದ ಅಂತಾರೆ. ಮನೆಯೋರು ಹೇಳ್ಬೇಕು."

ಎರಡು ವಾರಕ್ಕೆ ಜೀಪು ರಿಪೇರಿಯಾಗಿ ಬಂತು. ಮತ್ತೆ ಆಳು ಬಂದು ಸುಣ್ಣ ಬಳಿದ. ಹೊಂಗೆ ಮರಕ್ಕೂ ದಪ್ಪಗೆ ಬಳಿಸಿದರು, ತಿರುವು ತಪ್ಪಬಾರದೆಂದು. ಸೋಮವಾರ ತೋಟಕ್ಕೆ ಹೋಗ್ತೀನಿ ಎಂದು ಮಾವನವರು ಊಟಕ್ಕೆ ಕೂತಾಗ ಹೇಳಿದರು. ನಮ್ಮನೆಯವರು ಮಜ್ಜಿಗೆ ಕಲಸಿಕೊಂಡರು.

ಭಾನುವಾರ ಮಧ್ಯಾಹ್ನ, ಮಾವನವರು ಮಲಗಿದ್ದಾಗ, ನಾನು ಎರಡು ಬಕೆಟ್ ಕೆಮ್ಮಣ್ಣಿಗೆ ಸಗಣಿ ಕಲಸಿಕೊಂಡು ಪೊರಕೆ ಹಿಡಿದು ಹೊರಟೆ. ಗೇಟಿನಿಂದಲೇ ಶುರು. ಬಿಳಿ ಕಂಡಲ್ಲೆಲ್ಲ ಬಳಿದೆ. ಕದ್ದು ಮಾಡಲಿಲ್ಲ, ಸೆರಗು ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ಮಾಡಿದೆ. ಹತ್ತನೆಯ ಮರಕ್ಕೆ ಬರುವಷ್ಟರಲ್ಲಿ ಶಿವಣ್ಣ ಬಂದು ನಿಂತ.

"ಏನ್ ಟೀಚರಮ್ಮ, ಕೆಮ್ಮಣ್ಣು ಬಳೀತಾ ಇದೀರ? ನುಸಿಗಾ?"

ನಾನು ಬಕೆಟ್ ಎತ್ತಿಕೊಂಡು ಮುಂದಿನ ಮರಕ್ಕೆ ಹೋದೆ.

"ಸುಣ್ಣಕ್ಕಿಂತ ಒಳ್ಳೇದಾ? ಯಜಮಾನ್ರು ಹೇಳಿದ್ರಾ?"

ಆ ಕ್ಷಣ ನನ್ನ ತಲೆಯಲ್ಲಿ ದೀಪ ಹತ್ತಿತು. "ಯಜಮಾನ್ರ ಮನೆ ಮರಕ್ಕೆ ಯಜಮಾನ್ರ ಸೊಸೆ ಬಳೀತಿದೀನಿ. ಇನ್ನೇನು ಹೇಳ್ಬೇಕು ಶಿವಣ್ಣ? ಸುಣ್ಣ ಇದ್ದ ಜಾಗ ಒಂಚೂರೂ ಕಾಣಬಾರದು" ಎಂದೆ.

ಟೀಚರಾಗಿ ಸುಳ್ಳು ಹೇಳಬಹುದೇ ಎಂದು ಆಮೇಲೆ ಕೇಳಿದವರಿದ್ದಾರೆ. ಬ್ರೇಕಿನ ಸುಳ್ಳನ್ನು ಎಲೆಯಡಿಕೆಯ ಜೊತೆ ಅಗಿದವರೇ ಕೇಳಿದ್ದು! ಹೌದು, ಹೇಳಿದೆ. ಬೇಕಾದರೆ ಇನ್ನೊಂದು ಸಲ ಹೇಳುತ್ತೇನೆ. ಶಿವಣ್ಣ ಮನೆಗೆ ಓಡಿದ. ಅರ್ಧ ಗಂಟೆಯಲ್ಲಿ ಅವನ ಮನೆಯ ಹೆಂಗಸರು ಬಕೆಟ್ ಹಿಡಿದು ಬಂದರು, ಅವರ ಹಿಂದೆ ಇನ್ನೂ ನಾಲ್ಕು ಮನೆಯವರು. ತಮ್ಮ ಮರಗಳಿಗೆ ಬಳಿದುಕೊಂಡದ್ದಲ್ಲದೆ ನನ್ನ ಕೈ ಸೋತದ್ದು ಕಂಡು ನಮ್ಮ ಸಾಲಿಗೂ ಬಳಿದುಕೊಟ್ಟರು. ಹೊತ್ತು ಮುಳುಗುವ ಮುಂಚೆ ಒಂದು ಮೈಲಿ ರಸ್ತೆಯಲ್ಲಿ ಬಿಳಿ ಎನ್ನುವುದು ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಮಕ್ಕಳಿಗೆಲ್ಲ ಕೆರೆ ಏರಿಯ ದಾರಿಯಲ್ಲಿ ಶಾಲೆಗೆ ಬರಲು ಹೇಳಿ, ನಾನು ನಮ್ಮ ಗೇಟಿನ ಮುಂದಿನ ರಸ್ತೆಯಲ್ಲಿ ನಿಂತೆ. ಬಾಷಾ ಸಾಬರನ್ನು ಬ್ರೇಕು ಇನ್ನೊಮ್ಮೆ ನೋಡಿ ಎಂದು ಬರಹೇಳಿದ್ದೆ, ಅವರೂ ಇದ್ದರು. ನಮ್ಮನೆಯವರು ಬಸ್ಸಿಗೆ ಹೋಗದೆ ಬಾಗಿಲಲ್ಲಿ ನಿಂತಿದ್ದರು. ಮೂರು ಸಲ ಹಾರನ್ ಕೇಳಿತು. ಜನ ಅಭ್ಯಾಸದಂತೆ ಜಗಲಿ ಹತ್ತಿದರು. ಜೀಪು ಗೇಟು ದಾಟಿ ಹತ್ತು ಹೆಜ್ಜೆ ಬಂದು ಗಕ್ಕನೆ ನಿಂತಿತು. ಬ್ರೇಕು ಎಷ್ಟು ಚೆನ್ನಾಗಿದೆಯೆಂದು ಊರೇ ನೋಡಿತು.

ಮಾವನವರು ಎಡಕ್ಕೆ ಕತ್ತು ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಕೈಯಿಂದ ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಎಳೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎರಡೂ ಬದಿಯಲ್ಲಿ ಅವರೇ ನೆಟ್ಟು ನೀರು ಹೊತ್ತು ಬೆಳೆಸಿದ ಮರಗಳು ಕೈಯಳತೆಯಲ್ಲಿದ್ದವು.

"ಮರ ಎಲ್ಲೋದ್ವೋ?" ಎಂದರು.

ಜಗಲಿಗಳ ಮೇಲಿದ್ದವರು ಕೆಮ್ಮಣ್ಣು ಮೆತ್ತಿದ ಮರಗಳ ಕಡೆ ನೋಡಿದರು.

"ಲೇ, ಮರ ಎಲ್ಲೋದ್ವ್ರೋ? ಯಾರಾದ್ರೂ ಮಾತಾಡ್ರೋ!"

ನಾನು ಮಾತಾಡಿದೆ, ಎಲ್ಲರಿಗೂ ಕೇಳುವಂತೆ. "ಇಲ್ಲೇ ಇವೆ ಮಾವ. ನಾನೂ ನಿಮ್ಮ ಮುಂದೇನೇ ಇದೀನಿ. ಸುಣ್ಣದ ಮೇಲೆ ಕೆಮ್ಮಣ್ಣು ಬಳ್ದಿದೀನಿ. ಬ್ರೇಕ್ ಅವತ್ತೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ. ಬಾಷಾ ಸಾಬರದ್ದು ಏನೂ ತಪ್ಪಿಲ್ಲ. ನಿಂಗಮ್ಮಂದೂ ಇಲ್ಲ."

ಇಂಜಿನ್ ಸದ್ದು ನಿಂತಿತು. ಮಾವನವರು ಇಳಿದರು. ಮಗ ಓಡಿಬಂದು ತೋಳು ಹಿಡಿಯಲು ಹೋದರೆ ಕೊಡವಿದರು. ಒಂದು ಕೈಯನ್ನು ಜೀಪಿನ ಮೈಮೇಲೆ ಸವರಿಕೊಂಡು, ಅದು ಮುಗಿದ ಮೇಲೆ ಗೇಟಿನ ಕಂಬಿ ಸವರಿಕೊಂಡು, ಒಳಗೆ ಹೋದರು. ಬೀಗದ ಕೈಯನ್ನು ಯಾರಿಗೂ ಕೊಡಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡರು. ಅದನ್ನು ನಾನೂ ಕೇಳಲಿಲ್ಲ.

ಊರಿನ ಒಂದು ಪಕ್ಷ ನನ್ನನ್ನು ಮುದುಕನ ಮಾನ ಕಳೆದವಳು ಎಂದಿತು. ಕೊರಗಿ ಕೊರಗಿ ವರ್ಷದೊಳಗೆ ಹೋಗಿಬಿಡುತ್ತಾರೆ, ಆ ಪಾಪ ಇವಳಿಗೇ ಎಂದರು. ಹೋಗಲಿಲ್ಲ. ಮಾವನವರು ಇನ್ನೂ ಏಳು ವರ್ಷ ಇದ್ದರು. ಮೊಮ್ಮಗಳ ಭುಜ ಹಿಡಿದು ದಿನಾ ತೋಟಕ್ಕೆ ನಡೆದು ಹೋದರು, ಅವಳು ಶಾಲೆಗೆ ಹೋದ ದಿನ ಆಳಿನ ಭುಜ. ಅವರು ಬರುವಾಗ ಜನ ಜಗಲಿಯಿಂದ ಇಳಿದು ಬಂದು ಮಾತಾಡಿಸುತ್ತಿದ್ದರು. ನಾನು ಬಡಿಸಿದ್ದನ್ನು ಉಂಡರು, ಕೊಟ್ಟ ಕಾಫಿ ಕುಡಿದರು, ಜ್ವರ ಬಂದಾಗ ನನ್ನ ಕೈಯಿಂದಲೇ ಮಾತ್ರೆ ನುಂಗಿದರು. ನನ್ನ ಹೆಸರು ಹಿಡಿದು ಮಾತ್ರ ಮತ್ತೊಂದು ದಿನವೂ ಕರೆಯಲಿಲ್ಲ.

ಕೊನೆಯ ದಿನಗಳಲ್ಲಿ ನಮ್ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, ಒಂದು ಮಾತು ತಪ್ಪಾಯ್ತು ಅಂದ್ಬಿಡು, ಮುದುಕರ ಮನಸ್ಸಿಗೆ ಸಮಾಧಾನ ಆಗುತ್ತೆ ಎಂದರು. ನಾನು ಹೋಗಿ ಹಾಸಿಗೆಯ ಪಕ್ಕ ಕೂತೆ. ಕಾಲು ಒತ್ತಿದೆ, ತುಟಿಗೆ ನೀರು ಬಿಟ್ಟೆ, ಕಣ್ಣೀರು ಹಾಕಿದೆ. ಆ ಮಾತು ಮಾತ್ರ ಆಡಲಿಲ್ಲ.